ಮನೆ ಸುಟ್ಟುಹೋದ ಎಲ್ಫ್‌ಗಳಿಗೆ ಹೊಸ ನೆಲ ಹುಡುಕುವುದು ಹೇಗೆ? ವಾರ್‌ಕ್ರಾಫ್ಟ್‌ನ ನೈಟ್ ಎಲ್ಫ್‌ಗಳನ್ನು ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

2018ರಲ್ಲಿ, 'ಬ್ಯಾಟಲ್ ಫಾರ್ ಅಜೆರಾಥ್' ಎಂಬ ವಿಸ್ತರಣೆಯ ಬಿಡುಗಡೆಗೆ ಸ್ವಲ್ಪ ಮುಂಚೆ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಟೆಲ್ಡ್ರಾಸಿಲ್ ಸುಟ್ಟುಹೋಯಿತು. ಆ ಆಟದ ಲೋಕದ ಹೆಸರು ಅಜೆರಾಥ್. ಕಾಲಿಮ್‌ಡೋರ್ ಖಂಡದ ಉತ್ತರದ ಕಡಲಲ್ಲಿ ಎದ್ದು ನಿಂತಿದ್ದ ಮರ ಅದು. ಒಂದು ದ್ವೀಪದಷ್ಟು ದೊಡ್ಡದು. ಅದರ ನೆತ್ತಿಯ ಮೇಲೆ ಡಾರ್ನಸಸ್ ಎಂಬ ರಾಜಧಾನಿ, ಸುತ್ತ ಹಳ್ಳಿಗಳು, ಕೆರೆಗಳು, ಗುಡಿ. 2004ರಲ್ಲಿ ಆಟ ಶುರುವಾದಾಗಿನಿಂದ ನೈಟ್ ಎಲ್ಫ್ ಪಾತ್ರ ಮಾಡಿಕೊಂಡವರೆಲ್ಲ ಮೊದಲು ಕಣ್ಣು ಬಿಟ್ಟಿದ್ದು ಆ ನೇರಳೆ ಬೆಳಕಿನ ಕಾಡಿನಲ್ಲೇ. ಎದುರಾಳಿ ಬಣವಾದ ಹೋರ್ಡ್‌ನ ನಾಯಕಿ ಸಿಲ್ವಾನಸ್ ಕೊಟ್ಟ ಒಂದು ಆದೇಶಕ್ಕೆ ಅದೆಲ್ಲ ಬೂದಿಯಾಯಿತು. ಉಳಿದವರು ನಿರಾಶ್ರಿತರಾಗಿ ಮನುಷ್ಯರ ಸ್ಟಾರ್ಮ್‌ವಿಂಡ್ ನಗರ ಸೇರಿದರು.

ಆಗಿನಿಂದ ಈ ಆಟ ಪ್ರೀತಿಸುವವರ ನಡುವೆ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಇವರು ಇನ್ನೆಲ್ಲಿ ಮನೆ ಕಟ್ಟಬೇಕು? ಆಟ ಮಾಡುವ ಕಂಪನಿ 2023ರಲ್ಲಿ ತನ್ನ ಉತ್ತರ ಕೊಟ್ಟಿದೆ. ಆದರೂ ಪ್ರಶ್ನೆ ಮುಗಿದಿಲ್ಲ. ರೋಲ್‌ಪ್ಲೇ ಮಾಡುವವರಿಗೆ, ಮನೆಯಲ್ಲಿ ಗೆಳೆಯರ ಜೊತೆ ಟೇಬಲ್‌ಟಾಪ್ ಆಟ ನಡೆಸುವವರಿಗೆ, ತಮ್ಮದೇ ಲೋಕ ಕಟ್ಟಿ ಕಥೆ ಬರೆಯುವವರಿಗೆ ಇದು ಪದೇ ಪದೇ ಎದುರಾಗುವ ಕೆಲಸ. ಅದನ್ನು ಹಂತ ಹಂತವಾಗಿ ಮಾಡುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆ ಪೂರ್ತಿ ನೈಟ್ ಎಲ್ಫ್‌ಗಳದ್ದೇ. ನಿಮ್ಮ ಎಲ್ಫ್‌ಗಳು ಬೇರೆ ಲೋಕದವರಾಗಿದ್ದರೂ ಹೆಜ್ಜೆಗಳು ಅವೇ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಇಡೀ ಜನಾಂಗವನ್ನು ಇನ್ನೊಮ್ಮೆ ಒಂದೇ ಮರದ ಮೇಲೆ ಕೂರಿಸಬಾರದು. ಮುಂದಿನದೆಲ್ಲ ಈ ಮಾತಿನ ಸುತ್ತಲೇ ಬರುತ್ತದೆ.

ಹೆಜ್ಜೆ 1: ಕಳೆದುಹೋಗಿದ್ದು ಏನು ಅಂತ ಬರೆದುಕೊಳ್ಳಿ

ಹೆಚ್ಚಿನವರು ನೇರವಾಗಿ ಮ್ಯಾಪ್ ತೆಗೆದು ಚೆಂದದ ಕಾಡು ಹುಡುಕಲು ಶುರು ಮಾಡುತ್ತಾರೆ. ಮ್ಯಾಪ್ ಆಮೇಲೆ. ಮೊದಲು ಹಳೆಯ ಊರು ಏನೇನು ಕೆಲಸ ಮಾಡುತ್ತಿತ್ತು ಎಂದು ಬರೆಯಿರಿ.

ಡಾರ್ನಸಸ್ ಏನಾಗಿತ್ತು? ಎಲೂನ್ ಎಂಬ ಚಂದ್ರದೇವಿಯ ದೊಡ್ಡ ಗುಡಿ ಅಲ್ಲಿತ್ತು. ಪ್ರಧಾನ ಅರ್ಚಕಿ ಟಿರಾಂಡೆ ಅಲ್ಲಿಂದಲೇ ಆಡಳಿತ ನಡೆಸುತ್ತಿದ್ದಳು. ಪ್ರಕೃತಿಯ ಶಕ್ತಿ ಬಳಸುವ ಡ್ರೂಯಿಡ್‌ಗಳ ಸಭೆ, ಸೆಂಟಿನೆಲ್ ಎಂಬ ಕಾವಲು ಪಡೆಯ ನೆಲೆ, ಸಂತೆ, ಮಕ್ಕಳು ಬೆಳೆಯುವ ಜಾಗ ಎಲ್ಲವೂ ಅಲ್ಲೇ. ಡ್ರೂಯಿಡ್‌ಗಳು ವರ್ಷಗಟ್ಟಲೆ ಮಲಗುವ ಬ್ಯಾರೋ ಡೆನ್ ಎಂಬ ನೆಲದಡಿಯ ಗುಹೆಗಳೂ ಆ ಮರದಲ್ಲಿದ್ದವು. ತಮ್ಮ ಊರು ಕಳೆದುಕೊಂಡು ಬಂದ ಗಿಲ್ನಿಯಸ್‌ನ ವೋರ್ಗೆನ್ ಎಂಬ ತೋಳಮಾನವರಿಗೆ ಆಸರೆ ಕೊಟ್ಟಿದ್ದೂ ಡಾರ್ನಸಸ್ಸೇ. ಅಂದರೆ ಮರ ಸುಟ್ಟಾಗ ಅವರು ಎರಡನೇ ಸಲ ಮನೆ ಕಳೆದುಕೊಂಡರು. ಅವರನ್ನು ಪಟ್ಟಿಯಿಂದ ಬಿಡಬೇಡಿ. ಇಂಥ ಕಥೆಗಳಲ್ಲಿ ಆಸರೆಗೆ ಬಂದವರನ್ನು ಎಲ್ಲರೂ ಮರೆತುಬಿಡುತ್ತಾರೆ.

ಈಗ ಇನ್ನೂ ಒಂದು ಪ್ರಶ್ನೆ. ಹಳೆಯ ಊರು ಅಲ್ಲೇ ಯಾಕಿತ್ತು? ಇದಕ್ಕೆ ಉತ್ತರ ಗೊತ್ತಿಲ್ಲದೆ ಹೊಸದನ್ನು ಕಟ್ಟಿದರೆ ಹಳೆಯ ತಪ್ಪೇ ಮರುಕಳಿಸುತ್ತದೆ. ಟೆಲ್ಡ್ರಾಸಿಲ್ ಪುರಾತನ ಊರೇನೂ ಅಲ್ಲ. ಹತ್ತು ಸಾವಿರ ವರ್ಷ ಈ ಜನ ಸಾವಿಲ್ಲದೆ ಬಾಳಿದ್ದು ಹೈಜಾಲ್ ಬೆಟ್ಟದ ನಾರ್ಡ್ರಾಸಿಲ್ ಮರದ ದಯೆಯಿಂದ. 'ವಾರ್‌ಕ್ರಾಫ್ಟ್ 3' ಆಟದ ಕೊನೆಯಲ್ಲಿ ಆರ್ಕಿಮಾಂಡ್ ಎಂಬ ರಾಕ್ಷಸನನ್ನು ಕೊಲ್ಲಲು ಆ ಮರದ ಶಕ್ತಿಯನ್ನೇ ಸುರಿದರು. ಸಾವಿಲ್ಲದ ಬಾಳು ಅಲ್ಲಿಗೆ ಮುಗಿಯಿತು. ಅದನ್ನು ಮರಳಿ ಪಡೆಯುವ ಆಸೆಯಿಂದ ಫ್ಯಾಂಡ್ರಲ್ ಸ್ಟಾಗ್‌ಹೆಲ್ಮ್ ಎಂಬ ಡ್ರೂಯಿಡ್ ಉಳಿದ ಡ್ರೂಯಿಡ್‌ಗಳನ್ನು ಒಪ್ಪಿಸಿ ಟೆಲ್ಡ್ರಾಸಿಲ್ ಬೆಳೆಸಿದ. ಡ್ರ್ಯಾಗನ್‌ಗಳ ಆಶೀರ್ವಾದಕ್ಕೂ ಅವನು ಕಾಯಲಿಲ್ಲ. ಡ್ರೂಯಿಡ್‌ಗಳ ಹಿರಿಯ ಮಾಲ್ಫ್ಯೂರಿಯನ್ ಆಗ ಎಮರಾಲ್ಡ್ ಡ್ರೀಮ್ ಎಂಬ ಕನಸಿನ ಲೋಕದಲ್ಲಿ ಸಿಕ್ಕಿಕೊಂಡಿದ್ದ. ಬೇಡ ಅನ್ನಬಹುದಾಗಿದ್ದ ಒಬ್ಬನೇ ಒಬ್ಬ ಸಭೆಯಲ್ಲಿ ಇರಲಿಲ್ಲ. ಮರಕ್ಕೆ ಶುರುವಿನಿಂದಲೇ ಕಾಯಿಲೆ ಹತ್ತಿತು.

ನಿಮ್ಮ ಕಥೆಗೆ ಇದರಿಂದ ಎರಡು ವಿಷಯ ತೆಗೆದುಕೊಳ್ಳಿ. ಒಂದು, ಅವಸರದಲ್ಲಿ ಯಾರು ತೀರ್ಮಾನ ಮಾಡಿದರು, ಯಾರನ್ನು ಕೇಳಲಿಲ್ಲ ಎಂಬುದು. ಇನ್ನೊಂದು, ಈ ಜನಕ್ಕೆ ಈಗ ಸಾವಿದೆ. ಮುದುಕರು ಹೊಸ ಊರು ನೋಡದೆ ಸಾಯಬಹುದು. ಮೊದಲಾಗಿದ್ದರೆ ಸಾವಿರ ವರ್ಷ ಕಾಯೋಣ ಅನ್ನಬಹುದಿತ್ತು. ಈಗ ಅನ್ನಲಾಗದು. ಕಥೆಗೆ ಬೇಕಾದ ಒತ್ತಡ ಇಲ್ಲೇ ಸಿಗುತ್ತದೆ, ಬೇರೆ ಖಳನಾಯಕ ಬೇಕಾಗಿಲ್ಲ.

ಹೆಜ್ಜೆ 2: ಹೇಗೆ ಕಳೆದುಕೊಂಡರು ಎಂದು ದಾರಿ ಸಮೇತ ಗುರುತಿಸಿ

ಇದು ಮಿಲಿಟರಿ ಲೆಕ್ಕ. ಬೇಜಾರಾದರೂ ಬಿಡಬೇಡಿ. 2018ರ ಆ ಯುದ್ಧದಲ್ಲಿ ಹೋರ್ಡ್ ಸೈನ್ಯ ಮೊದಲು ದಕ್ಷಿಣದ ಸಿಲಿಥಸ್ ಕಡೆ ಹೊರಟಂತೆ ನಾಟಕ ಆಡಿತು. ಎಲ್ಫ್‌ಗಳು ತಮ್ಮ ಹಡಗುಗಳನ್ನೂ ಪಡೆಯನ್ನೂ ದಕ್ಷಿಣಕ್ಕೆ ಕಳಿಸಿದರು. ಆಗ ಹೋರ್ಡ್ ಆಶೆನ್‌ವೇಲ್ ಕಾಡಿಗೆ ನುಗ್ಗಿತು. ಡಾರ್ಕ್‌ಶೋರ್ ಕರಾವಳಿಯ ಬಾಯಲ್ಲಿ ಮಾಲ್ಫ್ಯೂರಿಯನ್ ವಿಸ್ಪ್ ಎಂಬ ಆತ್ಮಜ್ಯೋತಿಗಳ ಗೋಡೆ ಎಬ್ಬಿಸಿ ತಡೆದ. ಹೋರ್ಡ್‌ನ ಒಂದು ಭಾಗ ಪಕ್ಕದ ಫೆಲ್‌ವುಡ್ ಮೂಲಕ ಸುತ್ತಿ ಬಂದು ಹಿಂದಿನಿಂದ ಹೊಡೆಯಿತು. ಫೆಲ್‌ವುಡ್ ವಿಷವೇರಿದ ಕಾಡು, ಅಲ್ಲಿಂದ ಯಾರು ಬರುತ್ತಾರೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ದಡಕ್ಕೆ ಬಂದ ಮೇಲೆ ಮರ ಕಣ್ಣೆದುರಿಗೇ ಇತ್ತು.

ಮರದಿಂದ ಇಳಿಯುವ ದಾರಿ ಎಷ್ಟಿದ್ದವು? ಬುಡದಲ್ಲಿ ರುಥೆರಾನ್ ಎಂಬ ಬಂದರು, ಮೇಲಿಂದ ಅಲ್ಲಿಗೆ ಒಂದು ಪೋರ್ಟಲ್, ಅಲ್ಲಿಂದ ದೋಣಿ ಅಥವಾ ಹಾರುವ ಹಕ್ಕಿ. ಬೆಂಕಿ ಬಿದ್ದಾಗ ಜನ ಹೊರಬಂದಿದ್ದು ಸ್ಟಾರ್ಮ್‌ವಿಂಡ್‌ಗೆ ತೆರೆದ ಮಾಯಾ ಬಾಗಿಲಿನಿಂದ. ಆ ಕ್ವೆಸ್ಟ್ ಆಡಿದವರಿಗೆ ಗೊತ್ತು. ಕೈಯಲ್ಲಿರುವ ಹೊತ್ತು ಕೆಲವೇ ನಿಮಿಷ. ಎಷ್ಟು ಓಡಿದರೂ ಎಲ್ಲರನ್ನೂ ಎಳೆದುತರಲು ಆಗುವುದಿಲ್ಲ. ಆಟ ಬರೆದವರು ಬೇಕೆಂದೇ ಹಾಗೆ ಮಾಡಿದ್ದಾರೆ. ನನಗೆ ಈ ಆಟದಲ್ಲಿ ಅದಕ್ಕಿಂತ ಕಷ್ಟದ ಗಳಿಗೆ ಇನ್ನೊಂದಿಲ್ಲ.

ಹಾಗಾಗಿ ಹೊಸ ಜಾಗಕ್ಕೆ ಮೊದಲ ಷರತ್ತು ಹುಟ್ಟುವುದು ಇಲ್ಲೇ. ಹೊರಗೆ ಓಡಲು ಕನಿಷ್ಠ ಎರಡು ದಾರಿ ಇರಬೇಕು. ಯಾರೂ ಬರುವುದಿಲ್ಲ ಎಂದುಕೊಂಡ ಹಿತ್ತಿಲಿಗೂ ಕಾವಲು ಇರಬೇಕು.

ಹೆಜ್ಜೆ 3: ಈ ಜನ ಏನಿಲ್ಲದೆ ಬದುಕಲಾರರು?

ಬೇಕು ಮತ್ತು ಬೇಕೇಬೇಕು, ಇವೆರಡನ್ನೂ ಬೇರೆ ಮಾಡಿ. ನೈಟ್ ಎಲ್ಫ್‌ಗಳಿಗೆ ಬೇಕೇಬೇಕಾದವು ನನ್ನ ಲೆಕ್ಕದಲ್ಲಿ ನಾಲ್ಕೇ. ಮೂನ್‌ವೆಲ್ ಎಂಬ ಚಂದ್ರನ ಕೊಳಕ್ಕೆ ಒಪ್ಪುವ ನೆಲ, ಜೀವ ಇರುವ ಕಾಡು, ಡ್ರೂಯಿಡ್‌ಗಳಿಗೆ ಕನಸಿನ ಲೋಕದ ಜೊತೆ ನಂಟು, ಕಡಲಿಗೆ ಒಂದು ಬಾಗಿಲು. ರಾಜಧಾನಿ, ಕಲ್ಲಿನ ಕಂಬ, ಆಕಾಶ ಮುಟ್ಟುವ ಮರ ಇವೆಲ್ಲ ಬೇಕು ಅನ್ನುವ ಸಾಲಿಗೆ ಹೋಗುತ್ತವೆ.

ಮರ ಬೇಕೇಬೇಕಲ್ವಾ ಎಂದು ನೀವು ಕೇಳಬಹುದು. 'ವಾರ್‌ಕ್ರಾಫ್ಟ್ 3' ನೆನಪಿಸಿಕೊಳ್ಳಿ. 2002ರಲ್ಲಿ ಬಂದ ಆ ಆಟದಲ್ಲಿ ನೈಟ್ ಎಲ್ಫ್‌ಗಳ ಮುಖ್ಯ ಕಟ್ಟಡಗಳೇ ಜೀವಂತ ಮರಗಳು. ಏನ್ಷಿಯೆಂಟ್ ಎಂದು ಅವುಗಳ ಹೆಸರು. ಒಂದು ಬಟನ್ ಒತ್ತಿದರೆ ಬೇರು ಕಿತ್ತು ಎದ್ದು ನಡೆಯುತ್ತವೆ, ಬೇರೆ ಕಡೆ ಹೋಗಿ ಮತ್ತೆ ಬೇರೂರುತ್ತವೆ. ಮೂನ್‌ವೆಲ್ ರಾತ್ರಿಯಲ್ಲಿ ಮಾತ್ರ ತುಂಬುತ್ತದೆ. ಅಂದರೆ ಇವರು ಮೊದಲಿನಿಂದಲೂ ಊರನ್ನೇ ಎತ್ತಿಕೊಂಡು ಹೋಗಬಲ್ಲ ಜನ. ಅಲುಗಾಡಲಾಗದ ಒಂದು ಮರಕ್ಕೆ ಎಲ್ಲವನ್ನೂ ಕಟ್ಟಿಹಾಕಿದ್ದು ಆಮೇಲಿನ ಮಾತು. ಹೊಸ ಊರಿನ ಬಗ್ಗೆ ಬರೆಯುವಾಗ ಈ ನಡೆಯುವ ಕಟ್ಟಡಗಳನ್ನು ಯಾರೂ ಬಳಸುವುದಿಲ್ಲ, ಅದು ದೊಡ್ಡ ನಷ್ಟ. ಮೊದಲ ದಿನ ಕಾಡಂಚಿನಿಂದ ಎರಡು ಏನ್ಷಿಯೆಂಟ್‌ಗಳು ನಿಧಾನಕ್ಕೆ ನಡೆದು ಬಂದು, ಜನ ತೋರಿಸಿದ ಜಾಗದಲ್ಲಿ ಕಾಲೂರುವುದನ್ನು ಊಹಿಸಿ. ಅದಕ್ಕಿಂತ ಒಳ್ಳೆಯ ಆರಂಭ ಇವರಿಗೆ ಇನ್ನೇನು ಕೊಡುತ್ತೀರಿ?

ಹೆಜ್ಜೆ 4: ಜಾಗಗಳನ್ನು ನೋಡಿ ಬನ್ನಿ

ಈಗ ಮ್ಯಾಪ್ ತೆಗೆಯಿರಿ. ಮ್ಯಾಪ್ ಸಾಲದು, ಆಟದೊಳಗೆ ಹೋಗಿ ನಡೆದಾಡಿ. ಇಪ್ಪತ್ತನೇ ಲೆವೆಲ್‌ವರೆಗೆ ದುಡ್ಡಿಲ್ಲದೆ ಆಡಬಹುದು, ಹಳೆಯ ಕಾಲಿಮ್‌ಡೋರ್ ಸುತ್ತಲು ಅಷ್ಟು ಸಾಕು. ಸುಡುವ ಮುಂಚಿನ ಡಾರ್ಕ್‌ಶೋರ್ ಮತ್ತು ಟೆಲ್ಡ್ರಾಸಿಲ್ ನೋಡಬೇಕಿದ್ದರೆ ಡಾರ್ಕ್‌ಶೋರ್‌ನಲ್ಲಿ ಜಿಡೋರ್ಮಿ ಎಂಬ ಪಾತ್ರವನ್ನು ಮಾತನಾಡಿಸಿ. ಅವಳು ನಿಮ್ಮನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾಳೆ. ಡ್ರೂಯಿಡ್ ಪಾತ್ರ ಬೆಳೆಸಿದವರಿಗೆ ಇನ್ನೂ ಸುಲಭ. ಎಮರಾಲ್ಡ್ ಡ್ರೀಮ್‌ವೇ ಎಂಬ ಒಳದಾರಿಯಿಂದ ಮೂನ್‌ಗ್ಲೇಡ್, ಹೈಜಾಲ್, ಫೆರಾಲಾಸ್, ಹಿಂಟರ್‌ಲ್ಯಾಂಡ್ಸ್, ಡಸ್ಕ್‌ವುಡ್, ಗ್ರಿಜ್ಲಿ ಹಿಲ್ಸ್ ಎಲ್ಲ ಕಡೆ ಕಾಲಿಡಬಹುದು. ಈ ಡ್ರೀಮ್‌ವೇ ತಲೆಯಲ್ಲಿರಲಿ. ಇದಕ್ಕೆ ಮತ್ತೆ ಬರುತ್ತೇನೆ.

ಹೈಜಾಲ್ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು. ನಾರ್ಡ್ರಾಸಿಲ್ ಈಗ ಮತ್ತೆ ಚಿಗುರಿದೆ. ಕಾಡುದೇವರುಗಳ ಗುಡಿಗಳು ಸುತ್ತ ಇವೆ. ಆದರೆ ಆ ಮರದ ಬುಡದಲ್ಲಿರುವುದು ವೆಲ್ ಆಫ್ ಎಟರ್ನಿಟಿಯ ನೀರು. ಮಾಯಾಶಕ್ತಿಯ ಆ ಬುಗ್ಗೆಗೆ ಆಸೆಪಟ್ಟು ಆರ್ಕಿಮಾಂಡ್ ಬಂದ. 2010ರ 'ಕ್ಯಾಟಕ್ಲಿಸಮ್' ವಿಸ್ತರಣೆಯಲ್ಲಿ ಅಗ್ನಿದೈತ್ಯ ರಾಗ್ನರಾಸ್‌ನ ಬೆಂಕಿ ಬಂತು. ಅಜೆರಾಥ್‌ಗೆ ಯಾವ ದೊಡ್ಡ ಶತ್ರು ಬಂದರೂ ಅವನ ಪಟ್ಟಿಯಲ್ಲಿ ಹೈಜಾಲ್ ಇರುತ್ತದೆ. ಅಂಥ ಕಡೆ ತೊಟ್ಟಿಲು ಕಟ್ಟಬೇಡಿ. ಯಾತ್ರೆಯ ಜಾಗವಾಗಿ ಇರಲಿ.

ಮೂನ್‌ಗ್ಲೇಡ್ ನೋಡಿದರೆ ಮನಸ್ಸು ಹಗುರಾಗುತ್ತದೆ. ನಡುವೆ ಎಲೂನ್‌ಆರಾ ಕೆರೆ, ಪಕ್ಕದಲ್ಲಿ ನೈಟ್‌ಹೇವನ್, ವರ್ಷಕ್ಕೊಮ್ಮೆ ಲೂನಾರ್ ಫೆಸ್ಟಿವಲ್. ನೆಲದ ಮೇಲಿಂದ ಬರಬೇಕಿದ್ದರೆ ಟಿಂಬರ್‌ಮಾ ಫರ್ಬೋಲ್ಗ್‌ಗಳೆಂಬ ಕರಡಿಮಾನವರ ಸುರಂಗವೇ ದಾರಿ, ಅವರು ಹೊರಗಿನವರನ್ನು ನಂಬುವವರಲ್ಲ. ಹಾಗಾಗಿ ಕಾವಲಿಗೆ ತುಂಬ ಒಳ್ಳೆಯದು. ತೊಂದರೆ ಬೇರೆ ಇದೆ. ಇದು ಡ್ರೂಯಿಡ್‌ಗಳ ಕೂಟವಾದ ಸೆನಾರಿಯನ್ ಸರ್ಕಲ್‌ನ ನೆಲ. ಹೋರ್ಡ್‌ನ ಟಾರೆನ್ ಎಂಬ ಗೂಳಿಮಾನವ ಡ್ರೂಯಿಡ್‌ಗಳಿಗೂ ಇಲ್ಲಿ ಸಮಾನ ಹಕ್ಕು. ಯುದ್ಧದ ನಡುವೆಯೂ ಎರಡೂ ಕಡೆಯವರು ಕತ್ತಿ ಒಳಗಿಟ್ಟು ಕೂರುವ ಜಾಗ ಅಜೆರಾಥ್‌ನಲ್ಲಿ ಜಾಸ್ತಿ ಇಲ್ಲ. ಒಂದು ಜನಾಂಗ ಬಂದು ಇದನ್ನು ತನ್ನದೆಂದರೆ ಅದು ಹಾಳಾಗುತ್ತದೆ. ಗಾಯಾಳುಗಳಿಗೆ, ಅನಾಥ ಮಕ್ಕಳಿಗೆ ಕೆಲವು ಕಾಲ ಆಸರೆ ಕೇಳಬಹುದು. ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.

ಆಶೆನ್‌ವೇಲ್ ಮತ್ತು ಡಾರ್ಕ್‌ಶೋರ್ ಇವರ ತವರು. ಅಸ್ತ್ರಾನಾರ್ ಊರು, ಹಳೆಯ ಗುಡಿಗಳ ಅವಶೇಷ, ಗೊತ್ತಿರುವ ಹಾದಿಗಳು. ಆದರೆ ಆಶೆನ್‌ವೇಲ್‌ನ ಪೂರ್ವದ ಅಂಚಿನಲ್ಲಿ ಓರ್ಕ್‌ಗಳು ಮರ ಕಡಿಯುತ್ತಲೇ ಬಂದಿದ್ದಾರೆ. ಅವರ ರಾಜಧಾನಿ ಆರ್ಗ್ರಿಮಾರ್‌ಗೆ ಮರ ಬೇಕು, ಅವರ ನೆಲ ಒಣ ನೆಲ. ಈ ಜಗಳಕ್ಕೆ ದ್ವೇಷಕ್ಕಿಂತ ಮರದ ಅಭಾವವೇ ಆಳವಾದ ಕಾರಣ ಎಂದು ನನ್ನ ಅಭಿಪ್ರಾಯ. ಮರದ ವ್ಯಾಪಾರಕ್ಕೆ ಒಂದು ಒಪ್ಪಂದ ಆಗದೆ ಆಶೆನ್‌ವೇಲ್‌ನಲ್ಲಿ ಎಷ್ಟು ಕಾವಲು ಗೋಪುರ ಕಟ್ಟಿದರೂ ಪ್ರಯೋಜನ ಇಲ್ಲ. ಡಾರ್ಕ್‌ಶೋರ್ ಅಂತೂ ಎರಡು ಸಲ ಪೆಟ್ಟು ತಿಂದಿದೆ. 'ಕ್ಯಾಟಕ್ಲಿಸಮ್' ಆಬರ್ಡೈನ್ ಬಂದರನ್ನು ಮುರಿಯಿತು. ಆಮೇಲೆ ಅದರ ಜಾಗ ತುಂಬಿದ ಲೊರ್‌ಡನೆಲ್ 2018ರ ಯುದ್ಧದಲ್ಲಿ ಹೋಯಿತು. ದಡದಲ್ಲಿ ನಿಂತರೆ ಸುಟ್ಟ ಮರ ಕಾಣುತ್ತದೆ. ಅಲ್ಲಿ ಮಕ್ಕಳನ್ನು ಬೆಳೆಸುತ್ತೀರಾ? ಕೆಲವರು ಹೌದು ಅನ್ನುತ್ತಾರೆ, ಕೆಲವರು ಆ ಕಡೆ ಮುಖ ಹಾಕಿಯೂ ಮಲಗಲಾರರು. ನಿಮ್ಮ ಪಾತ್ರಗಳಲ್ಲಿ ಇಬ್ಬರೂ ಇರಲಿ.

ಫೆರಾಲಾಸ್ ನನಗೆ ತುಂಬ ಇಷ್ಟವಾದ ಆಯ್ಕೆ, ಜನ ಮಾತ್ರ ಅದನ್ನು ಕಡೆಗಣಿಸುತ್ತಾರೆ. ದಟ್ಟ ಮಳೆಕಾಡು, ಪಶ್ಚಿಮಕ್ಕೆ ಕಡಲು. ಸೆಂಟಿನೆಲ್‌ಗಳ ದಳಪತಿ ಶಾಂಡ್ರಿಸ್ ಫೆದರ್‌ಮೂನ್ ಹೆಸರಿನ ಕೋಟೆ ಅಲ್ಲಿದೆ. ಡ್ರೀಮ್ ಬೌ ಎಂಬ ದೊಡ್ಡ ಮರದಲ್ಲಿ ಕನಸಿನ ಲೋಕದ ಬಾಗಿಲಿದೆ. ಡೈರ್ ಮಾಲ್ ಎಂದು ನಾವು ಕರೆಯುವ ಎಲ್ಡ್ರೆಥಾಲಸ್ ಅಲ್ಲೇ ಇದೆ, ಅದು ಹಳೆಯ ಎಲ್ಫ್ ನಗರ. ಅಲ್ಲಿ ಉಳಿದುಕೊಂಡಿದ್ದ ಶೆನ್‌ಡ್ರಲಾರ್ ಮಂತ್ರವಾದಿಗಳು 'ಕ್ಯಾಟಕ್ಲಿಸಮ್' ಕಾಲದಲ್ಲಿ ಸ್ವಜನರ ಬಳಿ ಮರಳಿದರು. ನೈಟ್ ಎಲ್ಫ್‌ಗಳಲ್ಲಿ ಮೇಜ್ ಎಂಬ ಮಂತ್ರವಾದಿ ಪಾತ್ರ ಸಿಗಲು ಶುರುವಾಗಿದ್ದು ಹಾಗೆ. ಡಾರ್ನಸಸ್‌ನಲ್ಲಿ ಅವರನ್ನು ಮೂಲೆಯಲ್ಲಿ ಇಟ್ಟಿದ್ದರು. ಫೆರಾಲಾಸ್‌ನಲ್ಲಿ ಅವರೇ ಮನೆಯವರು, ಉಳಿದವರು ನೆಂಟರು. ಈ ತಿರುವು ಕಥೆಗೆ ಚಿನ್ನ. ಒಂದೇ ಎಚ್ಚರಿಕೆ ಏನೆಂದರೆ ಒಳನಾಡಿನಲ್ಲಿ ಹೋರ್ಡ್‌ನ ಕ್ಯಾಂಪ್ ಮೊಜಾಚೆ ಇದೆ. ಆದರೆ ಅಲ್ಲಿರುವುದು ಟಾರೆನ್‌ಗಳು, ಮಾತುಕತೆಗೆ ಕೂರುವ ಜನ.

ಫೆಲ್‌ವುಡ್‌ನಲ್ಲಿ ವಾಸ ಸಾಧ್ಯವಿಲ್ಲ, ಆದರೆ ಕಾವಲು ಬೇಕೇಬೇಕು. ಅಜ್ಶಾರಾದಲ್ಲಿ ಈಗ ಗಾಬ್ಲಿನ್‌ಗಳ ಬಿಲ್ಜ್‌ವಾಟರ್ ಬಂದರು ಕೂತಿದೆ. ವಿಂಟರ್‌ಸ್ಪ್ರಿಂಗ್ ಹಿಮದ ನಾಡು, ಸ್ಟಾರ್‌ಫಾಲ್ ಹಳ್ಳಿಯಷ್ಟೇ ಸಾಕು.

ಕಡಲಾಚೆ ಬ್ರೋಕನ್ ಐಲ್ಸ್ ಎಂಬ ದ್ವೀಪಗಳಲ್ಲಿ ಎರಡು ಜಾಗ ಇವೆ. ಸುರಮಾರ್ ಎಂದರೆ ಟಿರಾಂಡೆ, ಮಾಲ್ಫ್ಯೂರಿಯನ್, ಅವನ ಅವಳಿ ತಮ್ಮ ಇಲ್ಲಿಡನ್ ಹಿಂದೆ ಬದುಕಿದ ಊರು. ಹತ್ತು ಸಾವಿರ ವರ್ಷ ಮಾಯಾ ಗುಮ್ಮಟದೊಳಗೆ ಅವಿತಿದ್ದ ಅಲ್ಲಿನ ನೈಟ್‌ಬಾರ್ನ್ ಜನ ಕೊನೆಗೆ ಸೇರಿದ್ದು ಹೋರ್ಡ್. ಟಿರಾಂಡೆ ಅವರ ಮೇಲೆ ತೋರಿಸಿದ ಅಪನಂಬಿಕೆಗೂ ಅದರಲ್ಲಿ ಪಾಲಿದೆ. ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಪಕ್ಕದ ವಾಲ್‌ಶರಾ ಹಾಗಲ್ಲ. ಕಾಡುದೇವರಾದ ಸೆನಾರಿಯಸ್ ಮಾಲ್ಫ್ಯೂರಿಯನ್‌ಗೆ ವಿದ್ಯೆ ಕಲಿಸಿದ್ದು ಅಲ್ಲೇ. ಎಲೂನ್ ಗುಡಿ ಇದೆ, ಲೊರ್ಲಥಿಲ್ ಹಳ್ಳಿ ಇದೆ, ಬ್ರಾಡೆನ್ಸ್‌ಬ್ರೂಕ್‌ನಲ್ಲಿ ಮನುಷ್ಯರೂ ಇದ್ದಾರೆ. ಶಲಾಡ್ರಾಸಿಲ್ ಮರ ಕನಸಿನ ಲೋಕವನ್ನು ಕೆಡಿಸಿದ ದುಃಸ್ವಪ್ನದ ಕೈಗೆ ಸಿಕ್ಕಿ ಕೊಳೆತಿದ್ದು ನಿಜ. ಆದರೂ ನೆಲ ಇವರದ್ದೇ, ನೆರೆಯವರು ಒಳ್ಳೆಯವರು.

ಗ್ರಿಜ್ಲಿ ಹಿಲ್ಸ್‌ಗೆ ಒಮ್ಮೆ ಹೋಗಿ ಬನ್ನಿ, ವಾಸಕ್ಕಲ್ಲ, ಪಾಠಕ್ಕೆ. ಅಲ್ಲಿ ಬಿದ್ದಿರುವ ವೋರ್ಡ್ರಾಸಿಲ್‌ನ ಬುಡ ನೋಡಿ. ಹಿಂದಿನ ಡ್ರೂಯಿಡ್‌ಗಳು ಒಳ್ಳೆಯ ಉದ್ದೇಶದಿಂದಲೇ ನೆಟ್ಟ ಮರ. ಬೇರು ಆಳಕ್ಕಿಳಿದು ಯಾಗ್‌ಸರಾನ್ ಎಂಬ ಹಳೆಯ ದುಷ್ಟಶಕ್ತಿಯನ್ನು ಮುಟ್ಟಿತು. ಕೊನೆಗೆ ನೆಟ್ಟವರೇ ಕಡಿಯಬೇಕಾಯಿತು. ಹೊಸ ಜಾಗದಲ್ಲಿ ನೆಲದ ಕೆಳಗೆ ಏನಿದೆ ಎಂದು ಕೇಳದೆ ಬೀಜ ಹಾಕಬೇಡಿ.

ಹೆಜ್ಜೆ 5: ನೆರೆಹೊರೆಯವರ ಒಪ್ಪಿಗೆ

ಹೆಚ್ಚಿನ ಕಥೆಗಳಲ್ಲಿ ಖಾಲಿ ಕಣಿವೆ ಸಿಗುತ್ತದೆ, ಎಲ್ಫ್‌ಗಳು ಹೋಗಿ ಕೂರುತ್ತಾರೆ. ಖಾಲಿ ಕಣಿವೆ ಎಲ್ಲೂ ಇರುವುದಿಲ್ಲ. ಇದೇ ಲೋಕದ ಇನ್ನೊಂದು ಎಲ್ಫ್ ವಲಸೆ ನೋಡಿ. ಸಾವಿರಾರು ವರ್ಷ ಹಿಂದೆ ಗಡೀಪಾರಾದ ಹೈಬಾರ್ನ್ ಎಂಬ ಮಾಯಾವಿದ್ಯೆಯ ಎಲ್ಫ್‌ಗಳು ತಮ್ಮ ನಾಯಕ ಡಾಥ್‌ರೆಮಾರ್ ಸನ್‌ಸ್ಟ್ರೈಡರ್ ಹಿಂದೆ ಪೂರ್ವಕ್ಕೆ ಹೋದರು. ವೆಲ್ ಆಫ್ ಎಟರ್ನಿಟಿಯ ಒಂದು ಸೀಸೆ ನೀರಿನಿಂದ ಸನ್‌ವೆಲ್ ಎಂಬ ಮಾಯಾಬಾವಿ ಮಾಡಿ ಕ್ವೆಲ್‌ಥಾಲಸ್ ಎಂಬ ರಾಜ್ಯ ಕಟ್ಟಿದರು. ಆ ನೆಲದಲ್ಲಿ ಆಗಲೇ ಟ್ರೋಲ್‌ಗಳಿದ್ದರು. ಆ ಜಗಳ ಇಂದಿಗೂ ಮುಗಿದಿಲ್ಲ. ಆಮೇಲೆ ಮೂರನೇ ಯುದ್ಧದಲ್ಲಿ ಕೆಟ್ಟ ದಾರಿ ಹಿಡಿದ ರಾಜಕುಮಾರ ಆರ್ಥಸ್ ಬಂದು ಸನ್‌ವೆಲ್ ಕೆಡಿಸಿದಾಗ ಇಡೀ ಜನಾಂಗವೇ ಮಾಯಾಶಕ್ತಿಯ ಹಸಿವಿನಿಂದ ತತ್ತರಿಸಿತು. ಅವರದ್ದೂ ಎಲ್ಲ ಒಂದೇ ಬಾವಿಯಲ್ಲಿತ್ತು.

ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಕೇಳಿ. ಇಲ್ಲಿ ಈಗ ಯಾರಿದ್ದಾರೆ? ಇವರು ಬಂದರೆ ಅವರಿಗೇನು ಕಡಿಮೆಯಾಗುತ್ತದೆ? ಇವರು ಅವರಿಗೆ ಏನು ಕೊಡಬಲ್ಲರು? ಡ್ರೂಯಿಡ್‌ಗಳು ಕೆಟ್ಟ ನೆಲ ವಾಸಿ ಮಾಡಬಲ್ಲರು. ಅದು ದೊಡ್ಡ ಬಂಡವಾಳ. ಟಿಂಬರ್‌ಮಾದವರ ಕಾಡನ್ನು ಗುಣಪಡಿಸಿ, ಬದಲಿಗೆ ಸುರಂಗದಲ್ಲಿ ಓಡಾಡುವ ಹಕ್ಕು ಕೇಳಬಹುದು. ಟೇಬಲ್‌ಟಾಪ್ ಆಟದಲ್ಲಿ ಇಂಥ ಒಂದು ಮಾತುಕತೆಗೆ ಇಡೀ ಸಂಜೆ ಕೊಡಿ. ಯುದ್ಧಕ್ಕಿಂತ ಚೆನ್ನಾಗಿ ನಡೆಯುತ್ತದೆ.

ಕರ್ನಾಟಕದವರಿಗೆ ಇದರ ನಿಜವಾದ ಚಿತ್ರ ಹತ್ತಿರದಲ್ಲೇ ಇದೆ. 1960ರ ದಶಕದಲ್ಲಿ ಟಿಬೆಟಿನಿಂದ ಬಂದ ಜನ ಬೈಲಕುಪ್ಪೆಯಲ್ಲಿ ಕಾಡು ಕಡಿದು, ಸೆಕೆ ತಡೆದು, ಮುಸುಕಿನ ಜೋಳ ಬೆಳೆದು ಊರು ಕಟ್ಟಿದರು. ಅವರು ಒಂದೇ ಕಡೆ ನೆಲೆಸಲಿಲ್ಲ. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಲಾಸಾ ಬಳಿಯ ಸೆರಾ ಮಠದ ಹೆಸರು ಬೈಲಕುಪ್ಪೆಗೆ ಬಂತು, ಡ್ರೆಪುಂಗ್ ಮತ್ತು ಗಾಂಡೆನ್ ಹೆಸರುಗಳು ಮುಂಡಗೋಡಕ್ಕೆ ಬಂದವು. ನಿಜವಾದ ಜನರ ನೋವನ್ನು ಆಟದ ಸರಕು ಮಾಡಿಕೊಳ್ಳಿ ಎನ್ನುತ್ತಿಲ್ಲ. ನಿರಾಶ್ರಿತರ ಬಗ್ಗೆ ಬರೆಯುವ ಮುಂಚೆ ಒಮ್ಮೆ ಹೋಗಿ, ಗೌರವದಿಂದ ನೋಡಿ ಬನ್ನಿ. ಹೊಸ ನೆಲದಲ್ಲಿ ಮೊದಲು ಏನು ಕಟ್ಟುತ್ತಾರೆ, ಯಾವ ಹೆಸರು ಹೊತ್ತು ತರುತ್ತಾರೆ, ಅಕ್ಕಪಕ್ಕದ ಹಳ್ಳಿಯವರ ಸಂತೆಗೆ ಹೇಗೆ ಬರುತ್ತಾರೆ ಎಂಬುದು ಪುಸ್ತಕ ಓದಿ ತಿಳಿಯುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಹೆಜ್ಜೆ 6: ಹಂಚಿ ನೆಲೆಗೊಳಿಸಿ

ನಾನು ಡ್ರೀಮ್‌ವೇಗೆ ಮತ್ತೆ ಬರುತ್ತೇನೆ ಎಂದಿದ್ದೆ. ಕನಸಿನ ಲೋಕದ ಬಾಗಿಲುಗಳು ಆಗಲೇ ದೂರದೂರದ ಕಾಡುಗಳನ್ನು ಜೋಡಿಸಿವೆ. ಹಾಗಿದ್ದಮೇಲೆ ಒಂದೇ ರಾಜಧಾನಿ ಯಾಕೆ? ಬಾಗಿಲು ಇರುವಲ್ಲೆಲ್ಲ ಒಂದೊಂದು ಊರು ಇರಲಿ. ಒಂದಕ್ಕೆ ಬೆಂಕಿ ಬಿದ್ದರೆ ಜನ ಇನ್ನೊಂದಕ್ಕೆ ದಾಟಬಹುದು.

ನನ್ನ ಹಂಚಿಕೆ ಹೀಗಿದೆ. ಮಕ್ಕಳು, ವಿದ್ಯೆ, ದಿನನಿತ್ಯದ ಬದುಕು ಫೆರಾಲಾಸ್‌ನಲ್ಲಿ. ಗುಡಿಯ ಆಡಳಿತ ಮತ್ತು ಅರ್ಚಕಿಯರ ತರಬೇತಿ ವಾಲ್‌ಶರಾದಲ್ಲಿ, ಅಲ್ಲಿ ಗುಡಿ ಆಗಲೇ ಇದೆ. ಡ್ರೂಯಿಡ್‌ಗಳ ನಿದ್ದೆಯ ಗುಹೆಗಳು ಮೂನ್‌ಗ್ಲೇಡ್‌ನಲ್ಲಿ, ಮೊದಲಿನಿಂದ ಇದ್ದ ಹಾಗೆಯೇ. ಆಶೆನ್‌ವೇಲ್‌ನಲ್ಲಿ ಸೆಂಟಿನೆಲ್‌ಗಳು ಮತ್ತು ಅಲ್ಲಿಂದ ಹೊರಡಲು ಒಪ್ಪದ ಹಳ್ಳಿಗರು. ಡಾರ್ಕ್‌ಶೋರ್‌ನಲ್ಲಿ ಸತ್ತವರ ನೆನಪಿನ ಜಾಗ ಒಂದು, ಅದನ್ನು ನೋಡಿಕೊಳ್ಳುವ ಕೆಲವರು. ಫೆಲ್‌ವುಡ್‌ನಲ್ಲಿ ವಾಸಿ ಮಾಡುವ ಡ್ರೂಯಿಡ್‌ಗಳ ಶಿಬಿರ, ಅದೇ ಹಿತ್ತಿಲ ಕಾವಲು.

ಇದಕ್ಕೆ ಎದುರು ವಾದವೂ ಬಲವಾಗಿದೆ. ಚದುರಿದ ಜನ ನಿಧಾನಕ್ಕೆ ಬೇರೆ ಬೇರೆ ಜನವಾಗುತ್ತಾರೆ. ಹೈಬಾರ್ನ್‌ಗಳು ಹಾಗೇ ಬ್ಲಡ್ ಎಲ್ಫ್‌ಗಳಾದರು, ಸುರಮಾರ್‌ನವರು ನೈಟ್‌ಬಾರ್ನ್‌ಗಳಾದರು. ಈ ಭಯವನ್ನು ಒಂದು ಪಾತ್ರದ ಬಾಯಲ್ಲಿ ಹೇಳಿಸಿ, ಅದಕ್ಕೆ ಸುಲಭದ ಉತ್ತರ ಕೊಡಬೇಡಿ. ವರ್ಷಕ್ಕೊಮ್ಮೆ ಎಲ್ಲರೂ ಮೂನ್‌ಗ್ಲೇಡ್‌ನ ಹಬ್ಬಕ್ಕೆ ಸೇರಲೇಬೇಕು ಎಂಬ ಕಟ್ಟಳೆ ಇಡಬಹುದು. ಸಾಕಾಗುತ್ತದೋ ಇಲ್ಲವೋ ನಿಮ್ಮ ಆಟಗಾರರು ತೀರ್ಮಾನಿಸಲಿ.

ಹೆಜ್ಜೆ 7: ಅಮಿರ್ಡ್ರಾಸಿಲ್ ಜೊತೆ ಹೋಲಿಸಿ ನೋಡಿ

ಆಟದ ಕಥೆಯಲ್ಲಿ ಆದದ್ದು ಹೀಗೆ. 'ಶ್ಯಾಡೋಲ್ಯಾಂಡ್ಸ್' ಎಂಬ ವಿಸ್ತರಣೆಯ ಕಥೆಯ ಕೊನೆಗೆ, ಟೆಲ್ಡ್ರಾಸಿಲ್‌ನಲ್ಲಿ ಸತ್ತವರ ಆತ್ಮಗಳ ಸತ್ವದಿಂದ ಒಂದು ಬೀಜ ಟಿರಾಂಡೆಯ ಕೈಗೆ ಬಂತು. ಅದು ಕನಸಿನ ಲೋಕದಲ್ಲಿ ಮೊಳೆತು ಅಮಿರ್ಡ್ರಾಸಿಲ್ ಆಯಿತು. 2023ರ ನವೆಂಬರ್‌ನ 10.2 ಪ್ಯಾಚ್ ಎಂಬ ಆಟದ ಪರಿಷ್ಕರಣೆಯಲ್ಲಿ ಫಿರಾಕ್ ಎಂಬ ಬೆಂಕಿ ಡ್ರ್ಯಾಗನ್ ಅದನ್ನೂ ಸುಡಲು ಬಂದ. ಈ ಸಲ ಮರ ಉಳಿಯಿತು. ಡ್ರ್ಯಾಗನ್ ಐಲ್ಸ್‌ನ ಓನ್‌ಆರಾನ್ ಬಯಲಿನ ಕರಾವಳಿಯಾಚೆ ಅದು ಎದ್ದು ನಿಂತಿತು. ಅದರ ನೆರಳಿನ ಊರೇ ಬೆಲ್‌ಅಮೆತ್. ಗಿಲ್ನಿಯಸ್‌ನವರಿಗೂ 2024ರ ಜನವರಿಯ 10.2.5 ಪ್ಯಾಚ್‌ನಲ್ಲಿ ತಮ್ಮ ಊರು ಮರಳಿ ಸಿಕ್ಕಿತು. ಅದು ನನಗೆ ನಿಜಕ್ಕೂ ಸಂತೋಷ ಕೊಟ್ಟ ವಿಷಯ.

ಬೆಲ್‌ಅಮೆತ್ ಬಗ್ಗೆ ಒಳ್ಳೆಯದು ತುಂಬ ಇದೆ. ಸತ್ತವರೇ ಬೀಜವಾಗಿ ಬದುಕಿರುವವರಿಗೆ ನೆರಳಾಗುವುದು ಈ ಕಥೆ ಕೊಡಬಹುದಾದ ಅತ್ಯಂತ ದೊಡ್ಡ ಸಮಾಧಾನ. ಹತ್ತಿರದಲ್ಲಿ ಹೋರ್ಡ್ ರಾಜಧಾನಿ ಇಲ್ಲ, ನೆರೆಯವರು ಡ್ರ್ಯಾಗನ್‌ಗಳು. ಆಶೀರ್ವಾದವಿಲ್ಲದೆ ಬೆಳೆದ ಟೆಲ್ಡ್ರಾಸಿಲ್‌ಗೆ ಹೋಲಿಸಿದರೆ ಶುರುವೇ ಬೇರೆ. ಆದರೆ ಹೆಜ್ಜೆ 2ರ ಷರತ್ತಿಗೆ ಇಟ್ಟು ನೋಡಿ. ಮತ್ತೆ ಒಂದು ದ್ವೀಪ, ಮತ್ತೆ ಒಂದು ಮರ, ಸುತ್ತ ನೀರು. ಕಾಲಿಮ್‌ಡೋರ್‌ನ ಹಳೆಯ ಹಳ್ಳಿಗಳು ಬಲು ದೂರ. ಹಾಗಾಗಿ ನನ್ನ ಆಟಗಳಲ್ಲಿ ಬೆಲ್‌ಅಮೆತ್ ಕಿರೀಟವಾಗಿ ಇರುತ್ತದೆ, ಇಡೀ ಮನೆಯಾಗಿ ಅಲ್ಲ. ಗುಡಿಯ ಆಡಳಿತವನ್ನು ವಾಲ್‌ಶರಾದಿಂದ ಅಲ್ಲಿಗೆ ತರುತ್ತೇನೆ. ಮಕ್ಕಳು ಮತ್ತು ವಿದ್ಯೆ ಫೆರಾಲಾಸ್‌ನಲ್ಲೇ ಉಳಿಯುತ್ತವೆ.

ಹೆಜ್ಜೆ 8: ಮೊದಲ ವರ್ಷವನ್ನು ಆಡಿ

ಜಾಗ ಆರಿಸಿದ ಮೇಲೆ ಅಲ್ಲಿಗೇ ಕಥೆ ಮುಗಿಸಬೇಡಿ. ಒಂದು ವರ್ಷವನ್ನು ನಾಲ್ಕು ಭಾಗ ಮಾಡಿ ಆಡಿ.

ಮೊದಲ ಭಾಗದಲ್ಲಿ ನೀರು, ಆಹಾರ, ಮಲಗುವ ಜಾಗ. ಏನ್ಷಿಯೆಂಟ್‌ಗಳು ಎಲ್ಲಿ ಬೇರೂರಬೇಕು ಎಂದು ಆಟಗಾರರೇ ಆರಿಸಲಿ. ಒಟ್ಟು ಮೂರೇ ಏನ್ಷಿಯೆಂಟ್ ಬಂದಿವೆ ಅಂದುಕೊಳ್ಳಿ. ಕಾವಲಿಗೆ, ವಿದ್ಯೆಗೆ, ವಾಸಿಗೆ ಹೇಗೆ ಹಂಚುತ್ತಾರೆ ನೋಡಿ. ಎರಡನೆಯ ಭಾಗದಲ್ಲಿ ಮೊದಲ ಮೂನ್‌ವೆಲ್. ಮೊದಲ ಸಲ ಅದನ್ನು ತುಂಬಲು ಹುಣ್ಣಿಮೆ ರಾತ್ರಿ ಬೇಕು ಅಂದುಕೊಳ್ಳಿ, ಆ ರಾತ್ರಿಯೇ ಏನಾದರೂ ಅಡ್ಡಿ ಬರಲಿ. ದಾಳಿಯೇ ಆಗಬೇಕೆಂದಿಲ್ಲ, ಮೋಡ ಸಾಕು. ಮೂರನೆಯದು ನೆರೆಯವರ ಜೊತೆಗಿನ ಮೊದಲ ಜಗಳ, ಬೇಟೆಯ ಗಡಿಯ ಬಗ್ಗೆಯೋ ಮರದ ಬಗ್ಗೆಯೋ. ನಾಲ್ಕನೆಯದು ಹೊಸ ನೆಲದಲ್ಲಿ ಮೊದಲ ಸಾವು. ಅವರನ್ನು ಇಲ್ಲೇ ಮಣ್ಣು ಮಾಡುವುದೋ, ಡಾರ್ಕ್‌ಶೋರ್‌ಗೆ ಒಯ್ಯುವುದೋ? ಈ ಪ್ರಶ್ನೆಗೆ ಊರಿನವರು ಕೊಡುವ ಉತ್ತರದಿಂದಲೇ ಇದು ಮನೆಯಾಯಿತೋ ಇನ್ನೂ ಶಿಬಿರವೋ ಗೊತ್ತಾಗುತ್ತದೆ.

ಆಟಗಾರರು ಆರಕ್ಕಿಂತ ಜಾಸ್ತಿ ಇದ್ದರೆ ಎರಡು ಊರುಗಳನ್ನು ಒಟ್ಟಿಗೇ ನಡೆಸಿ. ಒಂದು ಗುಂಪು ಫೆರಾಲಾಸ್‌ನಲ್ಲಿ, ಇನ್ನೊಂದು ಬೆಲ್‌ಅಮೆತ್‌ನಲ್ಲಿ. ಎರಡು ಗುಂಪುಗಳ ನಡುವೆ ಪತ್ರಗಳು ಮಾತ್ರ ಓಡಾಡಲಿ. ವರ್ಷದ ಕೊನೆಗೆ ಮೂನ್‌ಗ್ಲೇಡ್‌ನಲ್ಲಿ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ, ಮುಂದಿನ ಬೀಜ ಎಲ್ಲಿ ನೆಡಬೇಕು ಎಂದು ಮತ ಹಾಕಿಸಿ. ಗಿಲ್ನಿಯಸ್‌ನವರ ಪ್ರತಿನಿಧಿಗೂ ಒಂದು ಮತ ಕೊಡಿ.